ತೇಲುವ ಸಂತೆ, ಹೂತಿಟ್ಟ ಅರಿಷಿಣ

ಬ್ಯಾಂಕಾಕ್‌ನಿಂದ ತಿರುಗಿ ಬಂದ ಮರುದಿನ ಮಾಲಗಾಂವದ ನಮ್ಮ ಎಲೆತೋಟದಲ್ಲಿ ಕೂತು ಕಾಕಾನ ಕೈಗೆ ಮೊಬೈಲ್ ಕೊಟ್ಟೆ. ಕಾಲುವೆ ತುಂಬ ದೋಣಿ, ದೋಣಿ ತುಂಬ ಹಣ್ಣು, ಬುಟ್ಟಿ ಬೋರಲು ಹಾಕಿದಂಥ ಟೊಪ್ಪಿಗೆಯ ಹೆಂಗಸರು. ಅರ್ಧ ದಿನದ ಪ್ರವಾಸದಲ್ಲಿ ಇನ್ನೂರು ಫೋಟೊ ಹೊಡೆದಿದ್ದೆ. ಕಾಕಾ ಒಂದೊಂದನ್ನೇ ಹಿಗ್ಗಿಸಿ ನೋಡಿದರು. ಆಮೇಲೆ ಕೇಳಿದರು: “ಚಂದ ಐತಿ ತಮ್ಮಾ. ಆದ್ರ ತಕ್ಕಡಿ ಎಲ್ಲಿ? ಎಣಿಸಿ ಕಟ್ಟಿದ ಪೆಂಡಿನೂ ಕಾಣವಲ್ದು. ಇದು ಪ್ಯಾಟಿ ಹೆಂಗಾತು?”

ಮತ್ತೊಮ್ಮೆ ನೋಡಿದೆ. ಹೌದು, ತೋರಿಸಿದ ಒಂದು ಫೋಟೊದಲ್ಲೂ ತಕ್ಕಡಿ ಇರಲಿಲ್ಲ. ಮಾವಿನಹಣ್ಣನ್ನು ಹೆಚ್ಚಿ ಪ್ಲಾಸ್ಟಿಕ್ ಡಬ್ಬಿಗೆ ತುಂಬಿಟ್ಟಿದ್ದರು. ಎಳನೀರಿಗೆ ಕೊಳವೆ ಚುಚ್ಚಿಟ್ಟಿದ್ದರು. ಮಿಕ್ಕಿದ್ದೆಲ್ಲ ಮರದ ಆನೆ, ಫ್ರಿಜ್ಜಿಗೆ ಅಂಟಿಸುವ ಗೊಂಬೆ, ಹೂವಿನ ಅಂಗಿ. ಐವತ್ತು ವರ್ಷ ಎಲೆ, ಅರಿಷಿಣ ಮಾರಿದ ಮನುಷ್ಯ ಒಂದೇ ನೋಟಕ್ಕೆ ಹಿಡಿದದ್ದನ್ನು ನಾನು ಅಲ್ಲಿಯೇ ಕೂತೂ ಹಿಡಿದಿರಲಿಲ್ಲ. ಕಾಕಾನ ಆ ಪ್ರಶ್ನೆಯೇ ಈ ಲೇಖನಕ್ಕೆ ಮೂಲ.

ಮಾಲಗಾಂವ ಅಂದರೆ ಮಿರಜ ತಾಲ್ಲೂಕಿನ ಪೂರ್ವ ಭಾಗದ ಊರು. ಸಾಂಗಲಿ ಜಿಲ್ಲೆ, ಮಹಾರಾಷ್ಟ್ರ. ನಮ್ಮ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ದಲಾಲಿ ಅಂಗಡಿಯಲ್ಲಿ ಎರಡೂ. ಮಾಲಗಾಂವ, ಬೇಡಗ, ಆರಗ, ನರವಾಡ, ಈ ಊರುಗಳಿಗೆ ಹೆಸರು ಬಂದದ್ದು ವೀಳ್ಯದೆಲೆಯಿಂದ. ಮರಾಠಿಯಲ್ಲಿ ಪಾನಮಳಾ ಎನ್ನುವುದನ್ನು ನಾವು ಎಲಿತ್ವಾಟ ಎನ್ನುತ್ತೇವೆ. ಹಾಗಾಗಿ ಪರದೇಶದ ಸಂತೆಗೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಎಲೆಯನ್ನೇ. ಅಲ್ಲಿ ಎಲೆ ಸಿಗಲಿಲ್ಲ. ಅದಕ್ಕೂ ಒಂದು ಕಥೆ ಇದೆ, ಮುಂದೆ ಹೇಳುತ್ತೇನೆ.

ನಾವು ಹೋದದ್ದು ಡಮ್ನನ್ ಸದುವಾಕ್ ಎಂಬಲ್ಲಿಗೆ. ಬ್ಯಾಂಕಾಕ್‌ನಿಂದ ನೈಋತ್ಯಕ್ಕೆ ಸುಮಾರು 100 ಕಿಲೋಮೀಟರ್, ರಾಚಬುರಿ ಪ್ರಾಂತ. ಬೆಳಿಗ್ಗೆ ಏಳಕ್ಕೆ ಹೋಟೆಲ್ ಬಾಗಿಲಿಗೆ ವ್ಯಾನು ಬರುತ್ತದೆ, ಮಧ್ಯಾಹ್ನದ ಊಟದ ಹೊತ್ತಿಗೆ ಮತ್ತೆ ಅಲ್ಲಿಗೇ ತಂದು ಇಳಿಸುತ್ತದೆ. ಇಂಥ ಅರ್ಧ ದಿನದ ಪ್ರವಾಸಗಳಿಗೆಲ್ಲ ಒಂದೇ ಅಚ್ಚು. ದಾರಿಯಲ್ಲಿ ತೆಂಗಿನ ಬೆಲ್ಲ ಕಾಯಿಸುವ ಒಂದು ಮನೆ, ಅಲ್ಲಿಂದ ಉದ್ದ ಬಾಲದ ಯಂತ್ರದೋಣಿ, ಸಂತೆಯಲ್ಲಿ ಒಂದು ತಾಸು, ಬರುವಾಗ ಮೇಕ್ಲಾಂಗ್‌ನ ರೈಲು ಹಳಿಯ ಸಂತೆ. ರೈಲು ಬಂದಾಗ ತರಕಾರಿಯವರು ಚಪ್ಪರ ಮಡಚಿ ದಾರಿ ಬಿಟ್ಟು, ಅದು ಹೋದ ಕೂಡಲೇ ಮತ್ತೆ ಬಿಚ್ಚುತ್ತಾರೆ. ಅಲ್ಲಿನವರು ಅದಕ್ಕೆ ಕೊಡೆ ಮಡಚುವ ಸಂತೆ ಎಂದೇ ಹೆಸರಿಟ್ಟಿದ್ದಾರೆ. ಅಲ್ಲಿ ಮೀನು, ಸೊಪ್ಪು ಕೊಳ್ಳುವ ಊರವರು ನಿಜವಾಗಿಯೂ ಇದ್ದರು, ತಕ್ಕಡಿಯೂ ಇತ್ತು. ಕಾಕಾನಿಗೆ ಆ ಫೋಟೊ ತೋರಿಸಲು ಮರೆತದ್ದು ನನ್ನ ತಪ್ಪು.

ಡಮ್ನನ್ ಸದುವಾಕ್‌ನಲ್ಲಿ ನಮ್ಮ ದೋಣಿ ಮುಂದೆ ಹೋಗಲಾಗದೆ ನಿಂತಿತು. ಅದರ ಮುಂದೆ ಪ್ರವಾಸಿಗಳ ಇನ್ನೊಂದು ದೋಣಿ, ಅದರ ಮುಂದೆ ಮತ್ತೊಂದು. ಗಣಪತಿ ವಿಸರ್ಜನೆಯ ದಿನ ಮಿರಜದ ರಸ್ತೆ ಇದ್ದ ಹಾಗೆ. ದಡದಲ್ಲಿ ನಿಂತವರು ಉದ್ದನೆಯ ಕೋಲಿನ ಕೊಕ್ಕೆಯಿಂದ ನಮ್ಮ ದೋಣಿಯನ್ನು ತಮ್ಮ ಅಂಗಡಿಯತ್ತ ಎಳೆದುಕೊಳ್ಳುತ್ತಿದ್ದರು. ಗಿರಾಕಿಯನ್ನು ಕೊಕ್ಕೆ ಹಾಕಿ ಎಳೆಯುವುದನ್ನು ನಾನು ಕೇಳಿದ್ದೆ, ಕಣ್ಣಾರೆ ಕಂಡದ್ದು ಅಲ್ಲಿಯೇ. ಒಂದು ದೋಣಿಯಲ್ಲಿ ಅಜ್ಜಿಯೊಬ್ಬಳು ಗುಳಿಗುಳಿಯ ಹಂಚಿನಲ್ಲಿ ಅಕ್ಕಿಹಿಟ್ಟು, ತೆಂಗಿನಹಾಲು ಹೊಯ್ದು ಬೇಯಿಸುತ್ತಿದ್ದಳು. ಹೆಸರು ಖನೊಮ್ ಕ್ರೊಕ್. ನೋಡಲು ಥೇಟ್ ನಮ್ಮ ಪಡ್ಡು, ತಿಂದರೆ ಸಿಹಿ. ಆ ಅಜ್ಜಿಯ ಕೈ ಮಾತ್ರ ಯಾರನ್ನೂ ಮೆಚ್ಚಿಸಲು ಓಡುತ್ತಿರಲಿಲ್ಲ, ತನ್ನ ಪಾಡಿಗೆ ತಾನು ಹಿಟ್ಟು ಹೊಯ್ಯುತ್ತಿತ್ತು. ಆ ಅರ್ಧ ದಿನದಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಅದು.

ಮಾರ್ಗದರ್ಶಕ ಹುಡುಗ ಒಳ್ಳೆಯವನು. ಆದರೆ ‘ನೂರು ವರ್ಷದಿಂದ ಹೀಗೆಯೇ ಇದೆ’ ಎಂದು ಅವನು ಹೇಳಿದ್ದು ಮಾತ್ರ ಅರೆಸತ್ಯ. ಕಾಲುವೆ ಹಳೆಯದು, ನಿಜ. ಸಯಾಮಿನ ನಾಲ್ಕನೆಯ ರಾಮ, ಅಂದರೆ ಮೋಂಗ್ಕುಟ್ ದೊರೆ, ಅದನ್ನು ತೋಡಲು ಅಪ್ಪಣೆ ಕೊಟ್ಟ. 1866ರಲ್ಲಿ ಕೆಲಸ ಶುರುವಾಗಿ 1868ರಲ್ಲಿ ಮುಗಿಯಿತು. ಮೇಕ್ಲಾಂಗ್ ಮತ್ತು ಥಾಚಿನ್ ಎಂಬ ಎರಡು ನದಿಗಳನ್ನು ಜೋಡಿಸುವ, 30 ಕಿಲೋಮೀಟರ್‌ಗೂ ಉದ್ದದ ಕಾಲುವೆ. ಡಮ್ನನ್ ಸದುವಾಕ್ ಅಂದರೆ ಸುಗಮ ಸಂಚಾರ ಎಂದು ಅರ್ಥ. ಹೆಸರಿನಲ್ಲೇ ಇದೆ ನೋಡಿ, ದೊರೆ ತೋಡಿಸಿದ್ದು ಸಂತೆಯನ್ನಲ್ಲ, ರಸ್ತೆಯನ್ನು. ಸುತ್ತಲಿನ ರೈತರು ದೊಡ್ಡ ಕಾಲುವೆಗೆ ನೂರಾರು ಸಣ್ಣ ಕಾಲುವೆ ತೋಡಿಕೊಂಡು, ನಡುವಿನ ಮಣ್ಣನ್ನು ಏರಿಸಿ ತೋಟ ಮಾಡಿದರು. ತೋಟದಲ್ಲಿ ಕಿತ್ತದ್ದು ನೇರ ದೋಣಿಗೆ, ದೋಣಿಯಿಂದ ದೊಡ್ಡ ಕಾಲುವೆಗೆ. ನಾಲ್ಕು ಕಾಲುವೆ ಕೂಡುವಲ್ಲಿ ದೋಣಿಗಳು ಕೂಡಿದವು. ನಮ್ಮಲ್ಲಿ ನಾಲ್ಕು ಹಾದಿ ಕೂಡಿದಲ್ಲಿ ಸಂತೆ ನೆರೆಯುವ ಹಾಗೆ.

ಮುಂದೆ ಡಾಂಬರು ರಸ್ತೆ ಬಂತು. ಪಿಕಪ್ ಗಾಡಿ ಬಂತು. ಸರಕು ದೋಣಿಯಿಂದ ಇಳಿದು ಗಾಡಿ ಹತ್ತಿತು. ಅದೇ ಹೊತ್ತಿಗೆ, 1970ರ ದಶಕದಲ್ಲಿ, ಥಾಯ್ಲೆಂಡಿನ ಪ್ರವಾಸೋದ್ಯಮದವರು ಡಮ್ನನ್ ಸದುವಾಕ್ ಅನ್ನು ಪರದೇಶಿಗರಿಗೆ ತೋರಿಸತೊಡಗಿದರು. ಸರಕು ಬಿಟ್ಟುಹೋದ ಜಾಗದಲ್ಲಿ ನೋಡುಗರು ಬಂದು ಕೂತರು. ಇದನ್ನು ಮೋಸ ಎಂದು ನಾನು ಕರೆಯಲಾರೆ. ಮರದ ಆನೆ ಮಾರುವ ಹೆಂಗಸಿನ ಮನೆಯಲ್ಲೂ ಒಲೆ ಉರಿಯಬೇಕು. ಆದರೆ ಆ ಸಂತೆಗೆ ಈಗ ನೀರು ಬೇಕಾಗಿರುವುದು ಸರಕು ಸಾಗಿಸುವುದಕ್ಕಲ್ಲ, ಫೋಟೊಕ್ಕೆ.

ಇನ್ನು ಎಲೆಯ ಕಥೆ. ಒಂದು ಕಾಲಕ್ಕೆ ಥಾಯ್ ಜನ ನಮ್ಮ ಹಾಗೆಯೇ ಎಲೆ, ಅಡಿಕೆ, ಸುಣ್ಣ ಜಗಿಯುತ್ತಿದ್ದರು. ಹಲ್ಲು ಕಪ್ಪಗಿದ್ದರೆ ಅಲ್ಲಿ ಅದೇ ಚೆಲುವು. 1940ರ ದಶಕದ ಆರಂಭದಲ್ಲಿ ಪ್ರಧಾನಿ ಫಿಬುನ್ ಸಂಗ್ರಾಮ್ ದೇಶವನ್ನು ‘ನಾಗರಿಕ’ ಮಾಡಲು ಹೊರಟು ಎಲೆ ಜಗಿಯುವುದನ್ನು ನಿಷೇಧಿಸಿದರು. ಟೊಪ್ಪಿಗೆ ಹಾಕಿಕೊಳ್ಳಿ, ಎಲೆ ಬಿಡಿ ಎಂಬಂಥ ಆಜ್ಞೆಗಳ ಕಾಲ ಅದು. ಆಮೇಲೆ ಎಲೆ ಮತ್ತೆ ತಲೆ ಎತ್ತಲೇ ಇಲ್ಲ. ಇದನ್ನು ಕೇಳಿ ಕಾಕಾ ಹತ್ತು ನಿಮಿಷ ಮಾತಾಡಲಿಲ್ಲ.

ನೀರಿನ ಮೇಲಿನ ಸಂತೆಯಲ್ಲಿ ತಕ್ಕಡಿ ನೋಡಬೇಕೆಂದರೆ ವಿಯೆಟ್ನಾಮಿನ ಮೆಕಾಂಗ್ ಮುಖಜಭೂಮಿಗೆ ಹೋಗಬೇಕು. ಕಾನ್ ತೋ ಪಟ್ಟಣದ ಹತ್ತಿರದ ಕೈ ರಾಂಗ್ ಸಗಟು ಸಂತೆ. ಅಲ್ಲಿ ದೋಣಿಯೇ ಅಂಗಡಿ, ದೋಣಿಯೇ ಮನೆ. ಯಂತ್ರಗಳ ಸದ್ದಿನಲ್ಲಿ ಕೂಗಿದರೆ ಯಾರಿಗೆ ಕೇಳಬೇಕು? ಅದಕ್ಕೆ ಪ್ರತಿ ದೋಣಿಯೂ ಒಂದು ಉದ್ದನೆಯ ಗಳ ನೆಟ್ಟು ಅದಕ್ಕೆ ತಾನು ಮಾರುವ ಮಾಲನ್ನೇ ಕಟ್ಟುತ್ತದೆ. ಅನಾನಸು ಕಟ್ಟಿದ್ದರೆ ಅನಾನಸು, ಕುಂಬಳ ಕಟ್ಟಿದ್ದರೆ ಕುಂಬಳ. ದೂರದಿಂದಲೇ ಓದಬಹುದು. ಈ ಗಳದ ಭಾಷೆಗೆ ಒಂದೆರಡು ತಮಾಷೆಯ ಅಪವಾದಗಳೂ ಇವೆ. ಬಟ್ಟೆ ತೂಗುತ್ತದೆ, ಆದರೆ ಅದು ಮಾರಾಟಕ್ಕಲ್ಲ, ಒಣಹಾಕಿದ್ದು. ತೆಂಗಿನ ಗರಿ ಕಟ್ಟಿದ್ದರೆ ಮಾರಾಟಕ್ಕಿರುವುದು ಗರಿಯಲ್ಲ, ದೋಣಿಯೇ. ಗರಿ ಮನೆಯ ಸೂರಿಗೆ ಹೊದಿಸುವಂಥದು, ಆದ್ದರಿಂದ ಅದನ್ನು ಕಟ್ಟಿದರೆ ‘ಮನೆ ಮಾರಾಟಕ್ಕಿದೆ’ ಎಂದರ್ಥ. 2016ರಲ್ಲಿ ವಿಯೆಟ್ನಾಂ ಸರ್ಕಾರ ಈ ಸಂತೆಯನ್ನು ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು. ಯಾವುದನ್ನಾದರೂ ಪರಂಪರೆ ಎಂದು ಕರೆಯತೊಡಗಿದರೆ ಅದರ ಉಸಿರು ಸಣ್ಣಗಾಗಿದೆ ಎಂದೇ ನಾನು ತಿಳಿಯುತ್ತೇನೆ. ಅಲ್ಲಿಯೂ ರಸ್ತೆ, ಸೇತುವೆಗಳು ಬಂದು ದೋಣಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ.

ನಮ್ಮ ದೇಶದಲ್ಲೇ ಶ್ರೀನಗರದ ದಾಲ್ ಸರೋವರವಿದೆ. ನೀರ ಮೇಲೆ ತೇಲುವ ತೋಟದಲ್ಲಿ ಬೆಳೆದ ಸೊಪ್ಪು, ಸೌತೆ, ಕಮಲದ ದಂಟನ್ನು ತೋಟದವರು ನಸುಕಿನಲ್ಲಿ ತಂದು ದೋಣಿಯಿಂದ ದೋಣಿಗೆ ಮಾರಿ, ಬಿಸಿಲೇರುವ ಮೊದಲೇ ಚದುರಿಬಿಡುತ್ತಾರೆ. ಪ್ರವಾಸಿ ಚಹಾ ಮುಗಿಸಿ ಶಿಕಾರಾ ಹತ್ತುವಷ್ಟರಲ್ಲಿ ಅದು ಮುಗಿದಿರುತ್ತದೆ. ಬಾಂಗ್ಲಾದೇಶದ ಬರಿಶಾಲ್ ಕಡೆ ಭೀಮ್ರುಲಿಯಲ್ಲಿ ಮಳೆಗಾಲದಲ್ಲಿ ಪೇರಲಹಣ್ಣಿನ ದೋಣಿಗಳು ಸೇರುತ್ತವೆ. ಅದೂ ಸಗಟು. ಇದಕ್ಕೆ ತದ್ವಿರುದ್ಧ ಕೋಲ್ಕತ್ತದ ಪಾಟುಲಿ. ರಸ್ತೆ ಅಗಲಿಸಲು ಎಬ್ಬಿಸಿದ ಬೀದಿ ವ್ಯಾಪಾರಿಗಳಿಗೆ 2018ರ ಜನವರಿಯಲ್ಲಿ ಒಂದು ಕೆರೆಯಲ್ಲಿ ನೂರಕ್ಕೂ ಹೆಚ್ಚು ದೋಣಿ ಕಟ್ಟಿಸಿ, ಮರದ ಹಲಗೆಯ ಹಾದಿ ಹಾಸಿ, ಬ್ಯಾಂಕಾಕ್‌ನಂಥದೇ ತೇಲುವ ಸಂತೆ ಎಂದು ಸರ್ಕಾರ ಉದ್ಘಾಟಿಸಿತು. ಅಲ್ಲಿನ ದೋಣಿಗಳು ಎಲ್ಲಿಗೂ ಹೋಗುವುದಿಲ್ಲ, ಎಲ್ಲಿಂದಲೂ ಬಂದಿಲ್ಲ. ಕೆಲವೇ ವರ್ಷಗಳಲ್ಲಿ ದೋಣಿ ಕೊಳೆತವು, ಗಿರಾಕಿ ತಪ್ಪಿದರು. ನೀರು ರಸ್ತೆಯಾಗದಿದ್ದಲ್ಲಿ ದೋಣಿಯ ಮೇಲೆ ಅಂಗಡಿ ಇಡುವುದು ತಕ್ಕಡಿಯನ್ನು ಗೋಡೆಗೆ ಅಲಂಕಾರಕ್ಕೆ ತೂಗುಹಾಕಿದ ಹಾಗೆ.

ಹಾಗಿದ್ದರೆ ನಮ್ಮ ಕೃಷ್ಣೆಯ ಮೇಲೆ ಯಾಕೆ ಸಂತೆ ತೇಲಲಿಲ್ಲ? ಸಾಂಗಲಿಗೂ ನದಿ ಇದೆ, ನದಿಯಲ್ಲಿ ನಾವೆ ಇತ್ತು. 1929ರಲ್ಲಿ ಇರ್ವಿನ್ ಸೇತುವೆ ಆಗುವ ತನಕ ಆಚೆ ದಡದವರು ದೋಣಿಯಲ್ಲೇ ದಾಟಬೇಕಿತ್ತು. ಸರಕೂ ಇತ್ತು, ವ್ಯಾಪಾರಿಗಳೂ ಇದ್ದರು. ಇಲ್ಲದಿದ್ದದ್ದು ಒಂದೇ: ನಿಂತಲ್ಲಿ ನಿಲ್ಲುವ ನೀರು.

ತೇಲುವ ಸಂತೆಗಳಿರುವ ಜಾಗಗಳನ್ನು ನಕಾಶೆಯಲ್ಲಿ ಗುರುತಿಸಿ ನೋಡಿ. ಎಲ್ಲವೂ ಸರೋವರ, ಇಲ್ಲವೇ ಸಮುದ್ರಕ್ಕೆ ಹತ್ತಿರದ ಮುಖಜಭೂಮಿ. ಅಲ್ಲಿ ನೆಲ ಚಪ್ಪಟೆ, ನೀರು ನಿಧಾನ. ಉಬ್ಬರವಿಳಿತಕ್ಕೆ ನಾಲ್ಕಾರು ಅಡಿ ಏರಿಳಿದೀತು, ಅಷ್ಟೆ. ಮನೆಯ ಮೆಟ್ಟಿಲಿಗೆ ದೋಣಿ ಕಟ್ಟಿದರೆ ವರ್ಷವಿಡೀ ಅಲ್ಲೇ ಇರುತ್ತದೆ. ನಮ್ಮ ಕೃಷ್ಣೆ ಅಂಥವಳಲ್ಲ. ಮಹಾಬಳೇಶ್ವರದ ಮಳೆಯನ್ನು ಹೊತ್ತು ಇಳಿದು ಬರುವವಳು. ಬೇಸಿಗೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ಎಮ್ಮೆ ದಾಟುವ ಜಾಗದಲ್ಲಿ ಆಗಸ್ಟಿನಲ್ಲಿ ಮಾಳಿಗೆಮನೆ ಮುಳುಗುತ್ತದೆ. ಇರ್ವಿನ್ ಸೇತುವೆಯ ಹತ್ತಿರ ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟಿನಲ್ಲಿ ಅಲ್ಲಿ ನೀರು 57 ಅಡಿ ದಾಟಿತು. ಒಂದೇ ವರ್ಷದಲ್ಲಿ ಐವತ್ತು ಅಡಿ ಏರಿ ಇಳಿಯುವ ನದಿಗೆ ಯಾವ ಮೆಟ್ಟಿಲಿಗೆ ದೋಣಿ ಕಟ್ಟುತ್ತೀರಿ?

ಸಾಂಗಲಿಯಲ್ಲೂ ಪೇಟೆ ತೇಲಿದ್ದುಂಟು. 2005ರಲ್ಲಿ, 2019ರಲ್ಲಿ, 2021ರಲ್ಲಿ. ಗಣಪತಿ ಪೇಟೆ, ಮಾರುತಿ ಚೌಕ, ಹರಭಟ ರಸ್ತೆ, ಇವೆಲ್ಲ ನೀರೊಳಗೆ. ಕಿರಾಣಿ ಸಗಟು ಅಂಗಡಿಗಳ ಬೀದಿಯಲ್ಲಿ ಖಾರದಪುಡಿ, ಸಕ್ಕರೆ, ಬೇಳೆ ಎಲ್ಲ ಒಂದೇ ಬಣ್ಣದ ಕೆಸರಾಗಿ ಹೋದದ್ದನ್ನು ನೆರೆ ಇಳಿದ ಮೇಲೆ ನೋಡಿದವರು ತೇಲುವ ಪೇಟೆ ಎಂಬ ಮಾತನ್ನು ತಮಾಷೆಗೂ ಆಡಲಾರರು. 2019ರ ಆಗಸ್ಟ್ 8ರಂದು ಇದೇ ಜಿಲ್ಲೆಯ ಬ್ರಹ್ಮನಾಳದಲ್ಲಿ ನೆರೆಯಿಂದ ಜನರನ್ನು ದಾಟಿಸುತ್ತಿದ್ದ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಜೀವ ಹೋದವು. ನಮ್ಮ ಕಡೆ ದೋಣಿ ಅಂದಾಗ ಮುದುಕಿಯರು ಮೊದಲು ಕೈಮುಗಿಯುತ್ತಾರೆ.

ವಿಚಿತ್ರವೆಂದರೆ ಸಾಂಗಲಿ ಮುಳುಗಿದ ದಿನವೂ ನಮ್ಮ ಪೂರ್ವದ ಊರುಗಳಲ್ಲಿ ನೀರಿಗೆ ತತ್ವಾರ ಇದ್ದೀತು. ಎಲೆತೋಟ ಬದುಕುವುದು ಬಾವಿ, ಬೋರು ಮತ್ತು ಮ್ಹೈಸಾಳದಿಂದ ಕೃಷ್ಣೆಯನ್ನು ಎತ್ತಿ ಹರಿಸುವ ಏತ ನೀರಾವರಿಯ ಮೇಲೆ. 2016ರ ಏಪ್ರಿಲ್‌ನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋಯಿತು. ದೂರ 342 ಕಿಲೋಮೀಟರ್. ಮೊದಲ ಗಾಡಿಗೆ ಹತ್ತು ವ್ಯಾಗನ್, ಒಂದೊಂದರಲ್ಲೂ ಸುಮಾರು ಐವತ್ತು ಸಾವಿರ ಲೀಟರ್. ಡಮ್ನನ್ ಸದುವಾಕ್‌ನಲ್ಲಿ ನೀರು ಸರಕನ್ನು ಹೊತ್ತರೆ ಇಲ್ಲಿ ನೀರೇ ಸರಕಾಗಿ ಗಾಡಿ ಹತ್ತಿತು.

ಇಂಥ ನೆಲದಲ್ಲಿ ವ್ಯಾಪಾರಿ ಏನು ಮಾಡಬೇಕು? ನಮ್ಮವರು ಕಂಡುಕೊಂಡ ಉತ್ತರ ನೋಡಬೇಕಾದರೆ ಹರಿಪುರಕ್ಕೆ ಬರಬೇಕು. ಸಾಂಗಲಿಗೆ ಅಂಟಿಕೊಂಡಂತಿರುವ, ಕೃಷ್ಣಾ ವಾರಣಾ ಕೂಡುವ ಜಾಗ, ಸಂಗಮೇಶ್ವರನ ಊರು. ಅಲ್ಲಿ ಅರಿಷಿಣವನ್ನು ನೆಲದೊಳಗೆ ಹೂತಿಡುತ್ತಿದ್ದರು. ಮರಾಠಿಯಲ್ಲಿ ಪೇವ, ನಮ್ಮಲ್ಲಿ ಹಗೇವು. ಜೋಳದ ಹಗೇವು ಉತ್ತರ ಕರ್ನಾಟಕದ ಹಳೆಯ ವಾಡೆಗಳಲ್ಲೆಲ್ಲ ಇದ್ದವು, ನಿಮ್ಮಜ್ಜನನ್ನು ಕೇಳಿದರೆ ಅದರ ವಾಸನೆಯ ಸಮೇತ ವರ್ಣಿಸಿಯಾರು. ಹರಿಪುರದ್ದು ಅದೇ, ಆದರೆ ಊರಿನ ಸುತ್ತ ಸಾಲುಸಾಲಾಗಿ, ವ್ಯಾಪಾರದ ಅಳತೆಯಲ್ಲಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಒಳಗೆ ಹೊಟ್ಟೆ ಗುಡಾಣದ ಹಾಗೆ, ಆಳ ಇಪ್ಪತ್ತು ಅಡಿಗೂ ಮಿಗಿಲು. ನದಿ ನೂರಾರು ವರ್ಷ ತಂದು ಹಾಸಿದ ಜಿಗುಟು ಮಣ್ಣು. ಅದು ಗಟ್ಟಿಯಾದರೆ ಗೋಡೆಗೆ ಇಟ್ಟಿಗೆ ಬೇಡ, ಗಾರೆ ಬೇಡ. ತಳಕ್ಕೂ ಬದಿಗೂ ಕಬ್ಬಿನ ರವದಿ, ಚಾಪೆ ಹಾಸಿ ಅರಿಷಿಣ ತುಂಬಿ, ಬಾಯಿ ಮುಚ್ಚಿ, ಮೇಲೆ ಮಣ್ಣೆಳೆದರೆ ಮುಗಿಯಿತು.

ಅದರ ಗುಟ್ಟು ಗಾಳಿಯಲ್ಲಿದೆ. ಒಳಗೆ ಸಿಕ್ಕ ಸ್ವಲ್ಪ ಗಾಳಿಯಲ್ಲಿನ ಆಮ್ಲಜನಕ ಬೇಗ ತೀರುತ್ತದೆ. ಹುಳ ಬದುಕುವುದಿಲ್ಲ, ಬಣ್ಣ ಮಾಸುವುದಿಲ್ಲ. ವರ್ಷಗಟ್ಟಲೆ ಇಟ್ಟರೂ ಅರಿಷಿಣ ನಿನ್ನೆ ತುಂಬಿದಂತೆ. ಆದರೆ ಹುಳ ಬದುಕದಲ್ಲಿ ಮನುಷ್ಯನೂ ಬದುಕಲಾರ. ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಹಲವು ತಾಸು ತೆರೆದಿಟ್ಟು, ಉರಿವ ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಹಮಾಲ ಇಳಿಯುವುದು.

ಇನ್ನೊಂದು ಸೊಗಸು ಇದೆ. ಅರಿಷಿಣ ನೆಲದಡಿ ಮಲಗಿರುವಾಗಲೇ ಹಗೇವಿನ ಚೀಟಿ ಪೇಟೆಯಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು. ಮಾಲು ಅಲುಗದೆ ಮಾಲಕ ಬದಲಾಗುತ್ತಿದ್ದ. ಮುಂಗಡ ವ್ಯಾಪಾರಕ್ಕೆ ಸಾಂಗಲಿಯಲ್ಲಿ ಹಿಂದಿನಿಂದಲೂ ಹೆಸರಿದೆ, ಅರಿಷಿಣದ ವಾಯಿದೆ ವಹಿವಾಟಿಗೆಂದೇ ಸರ್ಕಾರ ಮಾನ್ಯ ಮಾಡಿದ ವಿನಿಮಯ ಕೇಂದ್ರವೂ ಇತ್ತು. ಮೆಕಾಂಗ್‌ನವರ ಸಂತೆಯಲ್ಲಿ ಅಂಗಡಿಯೇ ಓಡಾಡಿದರೆ, ನಮ್ಮವರ ಸಂತೆಯಲ್ಲಿ ಓಡಾಡಿದ್ದು ಕಾಗದ ಮಾತ್ರ.

ಸಾಮಾನ್ಯ ನೆರೆಗೆ ಹಗೇವು ಹೆದರುತ್ತಿರಲಿಲ್ಲ. 2005ರ ನೆರೆ ಸಾಮಾನ್ಯದ್ದಲ್ಲ. ನೀರು ಏರಿ, ಇಳಿಯದೆ ನಿಂತು, ಹರಿಪುರ, ಸಾಂಗಲವಾಡಿಯ ಹಗೇವುಗಳೊಳಗೆ ಇಳಿಯಿತು. ಕೋಟ್ಯಂತರ ರೂಪಾಯಿಯ ಅರಿಷಿಣ ನೆಲದಡಿಯಲ್ಲೇ ಕೊಳೆಯಿತು. ಆಮೇಲೆ ವ್ಯಾಪಾರಿಗಳು ಗೋದಾಮು, ಶೀತಲಗೃಹಗಳ ಕಡೆ ಹೊರಳಿದರು. ಡಮ್ನನ್ ಸದುವಾಕ್‌ನ ಸಂತೆಯನ್ನು ರಸ್ತೆ ಬದಲಿಸಿತು, ಹರಿಪುರದ ಹಗೇವನ್ನು ನದಿ ಮುಗಿಸಿತು. ಒಂದು ವ್ಯತ್ಯಾಸ: ಅಲ್ಲಿಗೆ ಪ್ರವಾಸಿ ಬಂದ, ಇಲ್ಲಿಗೆ ಯಾರೂ ಬರಲಿಲ್ಲ.

ಹಾಗೆಂದು ಸಾಂಗಲಿಯ ಅರಿಷಿಣದ ಪೇಟೆ ಮುಗಿದಿಲ್ಲ. ದೇಶದ ದೊಡ್ಡ ಅರಿಷಿಣ ಪೇಟೆಗಳಲ್ಲಿ ಅದು ಈಗಲೂ ಒಂದು. 2018ರಲ್ಲಿ ಸಾಂಗಲಿ ಅರಿಷಿಣಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಇಲ್ಲಿಗೆ ಬರುವ ಮಾಲಿನಲ್ಲಿ ಕನ್ನಡದ ಪಾಲು ಸಣ್ಣದಲ್ಲ. ತೇರದಾಳ, ಮುಧೋಳ, ರಾಯಬಾಗ, ಗೋಕಾಕದ ಕಡೆಯ ರೈತರು ಅರಿಷಿಣ ಹೇರಿಕೊಂಡು ಗಡಿ ದಾಟಿ ಇಲ್ಲಿಗೇ ಬರುತ್ತಾರೆ. ಗಡಿಯ ತಂಟೆ ಎಷ್ಟೇ ಕಾವೇರಿದ ವರ್ಷದಲ್ಲೂ ಈ ಟೆಂಪೊಗಳ ಹಾದಿ ತಪ್ಪಿದ್ದಿಲ್ಲ. ದರ ಇದ್ದಲ್ಲಿ ರೈತ, ರೈತ ಇದ್ದಲ್ಲಿ ಕನ್ನಡ.

ಕಾಕಾನ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು. ಮಾರ್ಚಿನಲ್ಲಿ ಧಾರವಾಡದ ಗೆಳೆಯನೊಬ್ಬ ಬಂದಾಗ ಅವನಿಗೆ ನಾನೇ ಒಂದು ಅರ್ಧ ದಿನದ ಪ್ರವಾಸ ಮಾಡಿಸಿದೆ. ವ್ಯಾನು ಇಲ್ಲ, ಇದ್ದದ್ದು ನನ್ನ ಹಳೇ ಬೈಕು.

ನಸುಕಿನಲ್ಲಿ ಎಲೆತೋಟ. ನುಗ್ಗೆ, ಶೇವರಿ ಗಿಡಗಳಿಗೆ ಬಳ್ಳಿ ಹಬ್ಬಿ ಒಳಗೆ ಹಗಲಲ್ಲೂ ಅರೆಗತ್ತಲು. ಹೊರಗಿಗಿಂತ ಎಷ್ಟೋ ತಂಪು. ಎಲೆ ಕೊಯ್ಯುವುದಕ್ಕೆ ಇಲ್ಲಿ ಖುಡಾ ಎನ್ನುತ್ತಾರೆ. ಹೆಬ್ಬೆರಳಿಗೆ ತಗಡಿನ ಉಗುರು ಸಿಕ್ಕಿಸಿಕೊಂಡ ಹೆಂಗಸರು ತೊಟ್ಟು ಚಿವುಟುವ ವೇಗಕ್ಕೆ ಗೆಳೆಯನ ಮೊಬೈಲಿನ ಫೋಟೊಗಳೆಲ್ಲ ಮಸುಕಾದವು. ಆಮೇಲೆ ನೆರಳಲ್ಲಿ ಕೂತು ಆರಿಸುವುದು. ಒಳ್ಳೆಯ ಎಲೆ ಕಳಿ, ಅಗಲವಾದದ್ದು ಫಾಫಡಾ, ಉಳಿದದ್ದು ಹಕ್ಕಲ. ಈ ಕೊನೆಯ ಮಾತು ಕನ್ನಡದವರಿಗೆ ಹೇಳಿಕೊಡಬೇಕಾಗಿಲ್ಲ, ಸುಗ್ಗಿ ಮುಗಿದ ಹೊಲದಲ್ಲಿ ಹಕ್ಕಲಾಯ್ದ ಜನ ನಾವು. ಎಣಿಸಿದ ಎಲೆ ಕವಳಿಯಾಗುತ್ತದೆ, ಕವಳಿಗಳು ಸೇರಿ ಡಾಗ ಆಗುತ್ತದೆ. ಎಲೆಗೆ ಬೇಕಾದದ್ದು ತಕ್ಕಡಿಯಲ್ಲ, ಎಣಿಕೆ. ಮತ್ತು ವೇಗ. ಅರಿಷಿಣ ವರ್ಷಗಟ್ಟಲೆ ಕಾದೀತು, ಎಲೆಗೆ ಮೂರು ದಿನವೂ ತಾಳ್ಮೆಯಿಲ್ಲ. ಮಿರಜ ಜಂಕ್ಷನ್ ಒಂದು ಕಾಲಕ್ಕೆ ಬ್ರಾಡ್‌ಗೇಜ್, ಮೀಟರ್‌ಗೇಜ್, ನ್ಯಾರೋಗೇಜ್ ಮೂರೂ ಹಳಿಗಳು ಕೂಡುತ್ತಿದ್ದ ಅಪರೂಪದ ನಿಲ್ದಾಣ. ಬಾಡುವ ಸರಕಿಗೆ ಅಂಥ ಊರು ಪಕ್ಕದಲ್ಲಿರುವುದು ಭಾಗ್ಯ.

ಹತ್ತರ ಹೊತ್ತಿಗೆ ಸಾಂಗಲಿಯ ವಸಂತದಾದಾ ಮಾರ್ಕೆಟ್ ಯಾರ್ಡು. ದಲಾಲಿ ಅಂಗಡಿಗಳ ಮುಂದೆ ಅರಿಷಿಣದ ರಾಶಿ, ಗಾಳಿಯಲ್ಲೇ ಹಳದಿ. ಖರೀದಿದಾರರು ಗುಂಪಾಗಿ ರಾಶಿಯಿಂದ ರಾಶಿಗೆ ಸರಿಯುತ್ತಾರೆ. ಒಬ್ಬ ಕೊಂಬನ್ನು ಮುರಿದು ಒಳಗಿನ ಬಣ್ಣ ನೋಡುತ್ತಾನೆ. ಇನ್ನೊಬ್ಬ ಎರಡು ಕೊಂಬುಗಳನ್ನು ಒಂದಕ್ಕೊಂದು ಬಡಿದು ಕಿವಿಗೊಡುತ್ತಾನೆ. ಚೆನ್ನಾಗಿ ಒಣಗಿದ ಅರಿಷಿಣಕ್ಕೆ ಲೋಹದ ಸದ್ದಿರುತ್ತದೆ. ಸವಾಲು ಕೂಗುವವನ ಬಾಯಿಂದ ಅಂಕಿಗಳು ಉದುರುತ್ತವೆ, ನಿಲ್ಲುತ್ತವೆ, ಮಾಲಿನ ಹಣೆಬರಹ ಮುಗಿಯಿತು. ನಮ್ಮ ಕಡೆಯ ದನದ ಸಂತೆಗಳಲ್ಲಿ ರುಮಾಲಿನ ಕೆಳಗೆ ಬೆರಳು ಹಿಡಿದು ದರ ಮುರಿಯುತ್ತಿದ್ದುದನ್ನು ಕಂಡವನಿಗೆ ಈ ಬಹಿರಂಗ ಕೂಗು ದೊಡ್ಡ ಸಮಾಧಾನ. ರೈತ ಪಕ್ಕದಲ್ಲೇ ನಿಂತಿರುತ್ತಾನೆ, ಮುಖದಲ್ಲಿ ಏನನ್ನೂ ತೋರಿಸದೆ. ತೇರದಾಳದ ಕಡೆಯವರೊಬ್ಬರು ಚಹಾ ಕುಡಿಯುತ್ತಾ ನಮಗೆ ಹೇಳಿದರು: “ಪಟ್ಟಿ ಕೈಗೆ ಬರೂತನಕ ನಗಬಾರದ್ರಿ, ಅಳಬಾರದ್ರಿ.”

ಗೆಳೆಯ ಒಂದು ರಾಶಿಯ ಹತ್ತಿರ ನಿಂತು ಮಾಲು ತೂಗುವ ತೋಲಾರನಿಗೆ ಕೇಳಿದ, “ಇದು ಏನು ದರ್‍ರೀ?” ಆತ ತಕ್ಕಡಿಯ ಮೇಲಿನ ಕಣ್ಣು ತೆಗೆಯದೆ ಅಂದ, “ಬಾಜೂ ಸರೀರಿ ಸಾಹೇಬ್ರ.” ಗೆಳೆಯನಿಗೆ ಸ್ವಲ್ಪ ಅವಮಾನವಾಯಿತು. ನನಗೆ ಖುಷಿಯಾಯಿತು. ಅಲ್ಲಿ ಯಾರೂ ನಮ್ಮನ್ನು ಕೊಕ್ಕೆ ಹಾಕಿ ಎಳೆಯಲಿಲ್ಲ. ಎಳೆಯುವುದಿರಲಿ, ನಾವಿದ್ದೇವೆಂದು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಮಧ್ಯಾಹ್ನ ಹರಿಪುರದ ಸಂಗಮದ ಮೆಟ್ಟಿಲ ಮೇಲೆ ಕೂತು ಭಡಂಗ ತಿಂದೆವು. ಸಾಂಗಲಿಯ ಈ ಖಾರದ ಚುರುಮುರಿಗೆ ಹೆಸರು ಅದು. ಊರಲ್ಲಿ ಹಗೇವು ತೋರಿಸುವ ಫಲಕವಿಲ್ಲ, ಟಿಕೆಟ್ಟಿಲ್ಲ. ಕೇಳಿದರೆ ಹಿರಿಯರು ಬೆರಳು ಮಾಡಿ ‘ಇಲ್ಲೊಂದಿತ್ತು, ಅಲ್ಲೊಂದಿತ್ತು’ ಎನ್ನುತ್ತಾರೆ. ಒಂದಾದರೂ ಹಗೇವನ್ನು ಬಾಯಿ ತೆರೆದು, ಗಾಳಿಯಾಡಿಸಿ, ಒಳಗೆ ದೀಪ ಹಾಕಿ, ನೋಡಬಂದವರಿಗೆ ತೋರಿಸಬಾರದೇ ಎಂದು ಗೆಳೆಯ ಕೇಳಿದ. ತೋರಿಸಬೇಕು ಎಂಬುದೇ ನನ್ನ ಅಭಿಪ್ರಾಯ. ಬದುಕಿರುವ ಯಾರ್ಡಿಗೆ ಪ್ರವಾಸಿಗಳ ದಂಡು ಬಂದರೆ ಕೆಲಸ ಕೆಡುತ್ತದೆ. ಕೆಲಸ ನಿಂತ ಹಗೇವಿಗೆ ನಾಲ್ಕು ಜನ ಬಂದರೆ ಊರಿನ ನೆನಪು ಉಳಿಯುತ್ತದೆ. ಸಾಂಗಲಿಯ ವ್ಯಾಪಾರಿ ಸಂಘಗಳು, ಹರಿಪುರದ ಗ್ರಾಮಪಂಚಾಯ್ತಿ ಮನಸ್ಸು ಮಾಡಿದರೆ ಇದು ದೊಡ್ಡ ಖರ್ಚಿನ ಬಾಬತ್ತಲ್ಲ.

ನೀವು ಬರುವುದಾದರೆ ಫೆಬ್ರುವರಿಯಿಂದ ಮೇ ನಡುವೆ ಬನ್ನಿ, ಹೊಸ ಅರಿಷಿಣ ಬರುವ ಹೊತ್ತು ಅದು. ಹುಬ್ಬಳ್ಳಿ, ಬೆಳಗಾವಿಯಿಂದ ಮಿರಜಕ್ಕೆ ನೇರ ರೈಲಿದೆ. ರಜಾದಿನ ಬಿಟ್ಟು ವಾರದ ನಡುವೆ ಹೊರಡಿ, ಬಿಳಿ ಅಂಗಿ ಹಾಕಿಕೊಳ್ಳಬೇಡಿ, ಯಾರ್ಡಿನಲ್ಲಿ ಹಮಾಲರ ಹಾದಿಗೆ ಅಡ್ಡ ನಿಲ್ಲಬೇಡಿ.